ರಾಜ್ಯ ಸರ್ಕಾರ ತಾನೇ ಏರ್‌ಪೋರ್ಟ್ ಕಟ್ಟಿ ನಡೆಸಬಹುದಾ?

ಕೃಷ್ಣಾದಂಡೆ: ರಾಯಚೂರಿನ ಯರಮರಸ್, ಬಳ್ಳಾರಿಯ ಚಾಗನೂರು, ಕೊಪ್ಪಳ, ಎಲ್ಲಾ ಕಡೆ ವಿಮಾನದ್ದೇ ಮಾತು. ವಿಧಾನಸಭೆಯಾಗ ಒಂದು ಕಾಯ್ದೆ ಮಾಡಿದ್ರ ಮುಗೀತು ಅಂತ ಒಬ್ಬರು, ಎಲ್ಲಾ ದಿಲ್ಲಿ ಕೈಯಾಗ ಅಂತ ಇನ್ನೊಬ್ಬರು. ಯಾವುದು ಖರೆ? ಜಾಗ ಯಾರ ಹೆಸರಲ್ಲಿ, ಲೈಸೆನ್ಸ್ ಯಾರಿಗೆ, ಖರ್ಚು ಯಾರ ತಲೆಗೆ?

ರನ್‌ವೇ09: ಇಬ್ಬರದ್ದೂ ಅರ್ಧ ಖರೆ ರೀ. ಸಂವಿಧಾನದ 7ನೇ ಅನುಸೂಚಿಯ ಕೇಂದ್ರ ಪಟ್ಟಿ, 29ನೇ ನಮೂದು ನೋಡಿ: ವಾಯುಸಂಚಾರ, ನಿಲ್ದಾಣ ಒದಗಿಸುವುದು, ಅದರ ನಿಯಂತ್ರಣ ಎಲ್ಲಾ ಅಲ್ಲೇ ಇದೆ. ರಾಜ್ಯ ಇದಕ್ಕೆ ಕಾಯ್ದೆ ಮಾಡೋ ಹಂಗಿಲ್ಲ. ಆದರೆ ಮಾಲೀಕನಾಗೋಕೆ ಯಾವ ಅಡ್ಡಿಯೂ ಇಲ್ಲ. ಶಿವಮೊಗ್ಗ ನಡೆಸೋದು ರಾಜ್ಯದ ಕೈಗಾರಿಕೆ-ಮೂಲಸೌಕರ್ಯ ನಿಗಮ ಕೆಎಸ್‌ಐಐಡಿಸಿ. ಕಲಬುರಗಿ ಕಟ್ಟಿದ್ದು ರಾಜ್ಯ, ನಡೆಸೋದು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ. ತೋರಣಗಲ್ಲಿನ ವಿದ್ಯಾನಗರ ಜಿಂದಾಲ್‌ನದ್ದು, ಖಾಸಗಿ. ಮೂರಕ್ಕೂ ಕೇಂದ್ರದ ವಿಮಾನಯಾನ ನಿಯಂತ್ರಕ ಡಿಜಿಸಿಎ ಲೈಸೆನ್ಸ್ ಬೇಕೇ ಬೇಕು.

ಹೊಸ ನಿಲ್ದಾಣಕ್ಕೆ ಕೇಂದ್ರದ 2008ರ ಗ್ರೀನ್‌ಫೀಲ್ಡ್ ನೀತಿ. ಮೊದಲು ಸೈಟ್ ಕ್ಲಿಯರೆನ್ಸ್ (ಜಾಗಕ್ಕೆ ಒಪ್ಪಿಗೆ), ಆಮೇಲೆ ತಾತ್ವಿಕ ಒಪ್ಪಿಗೆ. 150 ಕಿ.ಮೀ. ಒಳಗೆ ಇನ್ನೊಂದು ನಾಗರಿಕ ನಿಲ್ದಾಣ ಇದ್ದರೆ ಅದರ ಮೇಲೆ ಏನು ಪರಿಣಾಮ ಅಂತ ಬೇರೆಯಾಗಿ ನೋಡುತ್ತಾರೆ. ಬಳ್ಳಾರಿಗೆ ತೋರಣಗಲ್ಲು ಪಕ್ಕದಲ್ಲೇ ಇದೆ, ಗಮನಿಸಿ.

ಪಹಣಿಪುರಾಣ: ರಾಜ್ಯದ ನಿಜವಾದ ಹಿಡಿತ ಇರೋದು ಭೂಮಿ ಮೇಲೆ. ದಾರಿ ಎರಡು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಇದೆ. ಸರ್ಕಾರ-ಖಾಸಗಿ ಪಾಲುದಾರಿಕೆಯಾದರೆ ಭೂಮಿ ಕಳಕೊಳ್ಳೋ ಕುಟುಂಬಗಳಲ್ಲಿ ಶೇ 70, ಪೂರ್ತಿ ಖಾಸಗಿಗಾದರೆ ಶೇ 80 ಒಪ್ಪಿಗೆ ಬೇಕು. ಇನ್ನೊಂದು ದಾರಿ, ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) 1966ರ ಕಾಯ್ದೆ. ಅದರಲ್ಲಿ ಈ ಶೇಕಡಾ ಲೆಕ್ಕವೇ ಇಲ್ಲ. ಅದರ ಸೆಕ್ಷನ್ 28(1)ರ ಮೊದಲ ಅಧಿಸೂಚನೆ ಬಂದ ಮೇಲೆ ಪಹಣಿಯ 11ನೇ ಕಾಲಂ ತೆಗೆದು ನೋಡಿ, ನಮೂದು ಬಿದ್ದಿರುತ್ತದೆ. 28(2) ನೋಟಿಸ್‌ಗೆ 30 ದಿನದೊಳಗೆ ತಕರಾರು ಲಿಖಿತವಾಗಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 28(4)ರ ಅಂತಿಮ ಘೋಷಣೆ ಹೊರಬಿದ್ದರೆ ಜಮೀನು ಸರ್ಕಾರದ್ದು. ಆಮೇಲೆ ಉಳಿಯೋದು ಬಹುತೇಕ ದರದ ಜಗಳ. ಸತ್ತವರ ಹೆಸರಲ್ಲೇ ಖಾತೆ ಇದ್ದವರಿಗೆ ಪರಿಹಾರ ನಿಲ್ಲೋದು ಇಲ್ಲೇ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಈಗಲೇ ಮಾಡಿಸಿ.

ರನ್‌ವೇ09: ಖರ್ಚಿನ ವಿಷಯ. ಸಣ್ಣ ಊರುಗಳಿಗೆ ವಿಮಾನ ಓಡಿಸೋ ಕೇಂದ್ರದ ಯೋಜನೆ ಉಡಾನ್‌ಗೆ ಸೇರಿದ ನಿಲ್ದಾಣಕ್ಕೆ ರಾಜ್ಯ ಪೊಲೀಸ್ ಭದ್ರತೆ, ಅಗ್ನಿಶಾಮಕ ಪುಕ್ಕಟೆ ಕೊಡಬೇಕು, ವಿಮಾನ ಇಂಧನದ ವ್ಯಾಟ್ ಶೇ 1ಕ್ಕೆ ಇಳಿಸಬೇಕು, ವಿಮಾನ ಕಂಪನಿಗೆ ಕೊಡೋ ನಷ್ಟಭರ್ತಿಯಲ್ಲಿ ಶೇ 20 ಹಾಕಬೇಕು. ನಷ್ಟಭರ್ತಿ 3 ವರ್ಷ ಮಾತ್ರ. ಅದು ಮುಗಿದ ಮೇಲೆ ಸೀಟು ತುಂಬದಿದ್ದರೆ ಕಂಪನಿ ಹೋಗ್ತದೆ, ಅಗ್ನಿಶಾಮಕದವರ ಸಂಬಳ ಹೋಗಲ್ಲ.

ಸಣ್ಣ ಊರಿಗೆ ಬರೋ ಎಟಿಆರ್-72 ವಿಮಾನದ ಉದ್ದ 27 ಮೀಟರ್ ಚಿಲ್ಲರೆ, ಅಂದರೆ ಅಗ್ನಿಶಾಮಕ 5ನೇ ವರ್ಗ: ಒಂದು ಕ್ರ್ಯಾಶ್ ಟೆಂಡರ್ (ನಿಲ್ದಾಣದ ಅಗ್ನಿಶಾಮಕ ಗಾಡಿ), ರನ್‌ವೇಯ ಯಾವ ತುದಿಗಾದರೂ 3 ನಿಮಿಷದಲ್ಲಿ ಮುಟ್ಟಬೇಕು. ಲೆಕ್ಕಕ್ಕೆ ಒಂದು ಸಾಕು ಅಂತ ಒಂದೇ ಕೊಂಡರೆ, ಅದರ ಪಂಪ್ ಕೆಟ್ಟ ದಿನ ವರ್ಗ ಇಳಿಯುತ್ತದೆ, ವಿಮಾನ ಇಳಿಯಲ್ಲ. ಅದಕ್ಕಿಂತ ದೊಡ್ಡ ಎ320 ವಿಮಾನ ಬೇಕಂದ್ರೆ 6ನೇ ವರ್ಗ, ಗಾಡಿ ಎರಡು.

ಕೃಷ್ಣಾದಂಡೆ: ಹಂಗಾದ್ರ ನಗರಸಭೆ, ಪಾಲಿಕೆಗೆ ಏನೂ ಕೆಲಸ ಇಲ್ಲೇನ್ರೀ?

ಪಹಣಿಪುರಾಣ: ಅದ ರೀ, ಮರೆಯೋದೂ ಅದನ್ನೇ. ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಕಸ ಸುರಿಯೋದು, ಬಯಲಲ್ಲಿ ಪ್ರಾಣಿ ಕಡಿಯೋದು 1937ರ ವಿಮಾನ ನಿಯಮಗಳ 91ನೇ ನಿಯಮಕ್ಕೆ ವಿರುದ್ಧ. ಹದ್ದು ಬರೋದು ಅದಕ್ಕೇ. ಯರಮರಸ್ ಊರಿಗೆ ಅಂಟಿಕೊಂಡೇ ಇದೆ, ಕಸದ ಗುಡ್ಡೆ ಎಲ್ಲಿ ಹಾಕ್ತೀರಿ ಅಂತ ಈಗಲೇ ಕೇಳಿ. ಇನ್ನು ಎತ್ತರ. 20 ಕಿ.ಮೀ. ತನಕ ಎತ್ತರದ ಕಟ್ಟಡ, ಟವರ್, ಚಿಮಣಿಗೆ ನಿರ್ಬಂಧ ಇರ್ತದೆ, ಎನ್‌ಒಸಿ ಕೊಡೋದು ಪ್ರಾಧಿಕಾರ. ಅದಿಲ್ಲದೆ ನಕ್ಷೆಗೆ ಸಹಿ ಹಾಕಿದರೆ ಮೇಲಿನ ಅಂತಸ್ತು ಒಡೆಸಬೇಕಾದೀತು. ಯರಮರಸ್ ಉಷ್ಣ ವಿದ್ಯುತ್ ಸ್ಥಾವರದ (ವೈಟಿಪಿಎಸ್) ಚಿಮಣಿಯನ್ನಂತೂ ಒಡೆಸೋಕಾಗಲ್ಲ, ಅದಕ್ಕೆ ತಕ್ಕಂತೆ ವಿಮಾನದ ದಾರಿಯನ್ನೇ ಹಾಕಬೇಕು.