ಸಹಾಯ ಬೇಕು: ಬೆಟ್ಟದ ನೆಲ್ಲಿ ಹೂ ಬಿಡುತ್ತಿದೆ, ಕಾಯಿ ಕಚ್ಚುತ್ತಿಲ್ಲ

ನಮಸ್ಕಾರ. ತುಮಕೂರು ಕಡೆಯ ಕೆಂಪು ಮಣ್ಣು, ಮನೆಯ ಹಿತ್ತಲು. ಕಸಿ ಮಾಡಿದ ಕೃಷ್ಣ ತಳಿ, ಆರು ವರ್ಷದ್ದು, ಸುಮಾರು 12 ಅಡಿ ಎತ್ತರ. ಎರಡು ವರ್ಷದಿಂದ ಫೆಬ್ರವರಿ–ಮಾರ್ಚ್‌ನಲ್ಲಿ ರೆಂಬೆ ತುಂಬ ಹೂ ಬರುತ್ತಿದೆ, ಕಾಯಿ ಮಾತ್ರ ಬೆರಳೆಣಿಕೆಯಷ್ಟು.

ಹೂ ಬಿಟ್ಟ ಮೇಲೆ ಪಿಂದೆ ಮಳೆಗಾಲದವರೆಗೆ ಬೆಳೆಯದೆ ಸುಪ್ತವಾಗಿರುತ್ತದೆ ಎಂಬುದು ಗೊತ್ತು, ಆಗಸ್ಟ್‌ವರೆಗೂ ಕಾದಿದ್ದಾಯಿತು. ಹೂವಿನ ಸಮಯದಲ್ಲಿ ನೀರು ನಿಲ್ಲಿಸಿದೆ. ವರ್ಷಕ್ಕೆ 25 ಕಿಲೋ ಕೊಟ್ಟಿಗೆ ಗೊಬ್ಬರ ಬಿಟ್ಟರೆ ಯೂರಿಯಾ ಹಾಕಿಲ್ಲ, ಆದ್ದರಿಂದ ಸಾರಜನಕ ಹೆಚ್ಚಾಗಿರಲಾರದು. ಕಡ್ಡಿಯ ಬುಡದಲ್ಲಿ ಗಂಡು ಹೂಗಳ ಗೊಂಚಲು, ತುದಿಯ ಕಡೆ ಕೆಲವೇ ಹೆಣ್ಣು ಹೂಗಳು, ಅದು ನೆಲ್ಲಿಯ ಸಹಜ ಗುಣವೇ. ಆದರೆ ತನ್ನದೇ ಪರಾಗದಿಂದ ನೆಲ್ಲಿ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ, ಸುತ್ತಮುತ್ತ ಬೇರೆ ನೆಲ್ಲಿ ಮರವೂ ಇಲ್ಲ. ನನ್ನ ಅನುಮಾನ ಪೂರ್ತಿ ಇಲ್ಲೇ.

ಇನ್ನೊಂದು ಗಿಡಕ್ಕೆ ಜಾಗವಿಲ್ಲ. ಇದೇ ಮರದ ಎರಡು ಕೊಂಬೆಗೆ ಎನ್‌ಎ–7 ಅಥವಾ ಕಾಂಚನ್ ಎಂಬ ಬೇರೆ ನೆಲ್ಲಿ ತಳಿಯ ಕಣ್ಣು ಕಸಿ ಮಾಡುವ ಯೋಚನೆಯಿದೆ. ತಿಳಿದವರು ಹೇಳಿ: ನಮ್ಮ ಹವೆಗೆ ಜೂನ್ ಸರಿಯೋ, ಜುಲೈ ಸರಿಯೋ? ಪೆನ್ಸಿಲ್ ದಪ್ಪದ ಚಿಗುರು ಕೊಂಬೆ ಸಾಕೇ, ಹಳೆಯ ಕೊಂಬೆ ಕತ್ತರಿಸಿ ಹೊಸ ಚಿಗುರು ಬರಿಸಲೇಬೇಕೇ? ಈ ಎರಡರಲ್ಲಿ ಕೃಷ್ಣದ ಜೊತೆಗೇ ಹೂ ಬಿಡುವುದು ಯಾವುದು?

ಇನ್ನೊಂದು ವಿಷಯ, ಕೆಲವು ಚಿಗುರುಗಳ ತುದಿ ಗಂಟಿನಂತೆ ಊದಿದೆ, ಸೀಳಿದರೆ ಒಳಗೆ ಹುಳು. ಅವನ್ನು ಕತ್ತರಿಸಿ ಸುಡುತ್ತಿದ್ದೇನೆ. ಅಂಥ ಕೊಂಬೆಯಲ್ಲಿ ಕಸಿ ಹಿಡಿಯುತ್ತದೆಯೇ?