ಗುತ್ತಿಗೆ ಸ್ಟಾಫ್ ನರ್ಸ್‌ಗೆ ಹೆರಿಗೆ ರಜೆ ಇಲ್ಲವೇ?

ಪ್ರಶ್ನೆ: ಖಾಸಗಿ ಆಸ್ಪತ್ರೆಯಲ್ಲಿ ಏಜೆನ್ಸಿ ಮೂಲಕ ಒಂದೂವರೆ ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಸಂಬಳ 18,000. ಫೆಬ್ರವರಿಗೆ ಡೇಟ್ ಕೊಟ್ಟಿದ್ದಾರೆ, ಕಾಂಟ್ರಾಕ್ಟ್ ಜನವರಿಗೆ ಮುಗಿಯುತ್ತೆ. "ಕಾಂಟ್ರಾಕ್ಟ್‌ನವರಿಗೆ ರಜೆ ಇಲ್ಲ, ರಾಜೀನಾಮೆ ಕೊಟ್ಟು ಹೋಗಿ" ಅಂತಿದ್ದಾರೆ. ಏನು ಮಾಡಲಿ ಮೇಡಂ?

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರರು): ರಾಜೀನಾಮೆ ಮಾತ್ರ ಬರೆದುಕೊಡಬೇಡಿ. ತೆಗೆದುಹಾಕಿದ್ದನ್ನು ಪ್ರಶ್ನಿಸಬಹುದು, ನೀವೇ ಬಿಟ್ಟಿರಿ ಎಂಬ ಹಾಳೆ ಅವರ ಕೈಲಿದ್ದರೆ ವಾದ ಕಷ್ಟವಾಗುತ್ತದೆ.

ಸಂಬಳ 21,000ದೊಳಗಿರುವುದರಿಂದ ನಿಮ್ಮದು ಇಎಸ್‌ಐ (ನೌಕರರ ರಾಜ್ಯ ವಿಮೆ) ದಾರಿ. ಪೇ ಸ್ಲಿಪ್‌ನಲ್ಲಿ 0.75%, ಅಂದರೆ 135 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ರಜೆಯ 26 ವಾರದ ದುಡ್ಡು ಇಎಸ್‌ಐ ನಿಗಮದಿಂದಲೇ ಬರುತ್ತದೆ, ಏಜೆನ್ಸಿಯ ಕೃಪೆ ಬೇಕಿಲ್ಲ. ಷರತ್ತು ಒಂದೇ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) ಸೇರಿ 70 ದಿನದ ವಂತಿಗೆ. ಫೆಬ್ರವರಿ ಹೆರಿಗೆಗೆ ಲೆಕ್ಕಕ್ಕೆ ಬರುವುದು ಹಿಂದಿನ ಏಪ್ರಿಲ್–ಸೆಪ್ಟೆಂಬರ್ ಮತ್ತು ಅದಕ್ಕೂ ಹಿಂದಿನ ಅಕ್ಟೋಬರ್–ಮಾರ್ಚ್. ಜನವರಿಗೆ ಕಾಂಟ್ರಾಕ್ಟ್ ಮುಗಿದರೂ ಈ ದಿನಗಳು ಅಳಿಯುವುದಿಲ್ಲ.

ಎಡವಟ್ಟಾಗುವುದು ಇಲ್ಲೇ: ಏಜೆನ್ಸಿ ಸಂಬಳದಲ್ಲಿ ಹಿಡಿದು ನಿಗಮಕ್ಕೆ ಕಟ್ಟಿರುವುದಿಲ್ಲ, ಅಥವಾ 26 ದಿನ ದುಡಿದವರಿಗೆ 12 ದಿನ ತೋರಿಸಿರುತ್ತದೆ. ಇವತ್ತೇ ಐಪಿ ಸಂಖ್ಯೆ (ನಿಮ್ಮ ಇಎಸ್‌ಐ ವಿಮಾ ಸಂಖ್ಯೆ) ಹಾಕಿ ಇಎಸ್‌ಐ ಪೋರ್ಟಲ್‌ನಲ್ಲಿ ತಿಂಗಳುವಾರು ನೋಡಿ. ಕಮ್ಮಿಯಿದ್ದರೆ ಡ್ಯೂಟಿ ರೋಸ್ಟರ್‌ನ ಫೋಟೊ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ಇಎಸ್‌ಐ ಬ್ರಾಂಚ್ ಆಫೀಸಿಗೆ ಲಿಖಿತ ದೂರು ಕೊಡಿ. ಏಜೆನ್ಸಿ ಕಟ್ಟದಿದ್ದರೆ ಪ್ರಧಾನ ಉದ್ಯೋಗದಾತನಾಗಿ, ಅಂದರೆ ನಿಜವಾಗಿ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯಾಗಿ, ಆಸ್ಪತ್ರೆಯೇ ಹೊಣೆ.

ಇನ್ನೊಬ್ಬರ ಪ್ರಶ್ನೆ: ನನ್ನ ಸಂಬಳ 24,000, ಇಎಸ್‌ಐ ಇಲ್ಲ. ನನಗೆ?

ಉತ್ತರ: ನಿಮಗೆ ಆಸ್ಪತ್ರೆಯೇ ಕೊಡಬೇಕು. ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಹೆರಿಗೆಗೆ ಮುಂಚಿನ ಭಾಗದ ಹಣ ಮುಂಗಡವಾಗಿ ಬರಬೇಕು, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ಹಕ್ಕುಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಕೊಡದಿದ್ದರೆ ಆಸ್ಪತ್ರೆಗೆ ನೋಟಿಸ್ ಕಳಿಸಿ, ಅದರಲ್ಲಿ ಕವಿತಾ ಯಾದವ್ ಪ್ರಕರಣ ನಮೂದಿಸಿ: ದೆಹಲಿಯ ಈ ಗುತ್ತಿಗೆ ವೈದ್ಯೆಗೆ, ಕಾಂಟ್ರಾಕ್ಟ್ ಮುಗಿಯಿತೆಂದು 11 ದಿನದ ಸೌಲಭ್ಯವಷ್ಟೇ ಸಿಕ್ಕಿತ್ತು, 2023ರಲ್ಲಿ ಸುಪ್ರೀಂ ಕೋರ್ಟ್ ಪೂರ್ತಿ 26 ವಾರದ್ದು ಕೊಡಿಸಿತು.

ಜೊತೆಗಿನ ಬ್ರದರ್‌ಗಳ (ಪುರುಷ ನರ್ಸ್‌ಗಳ) ಕಾಂಟ್ರಾಕ್ಟ್ ರಿನ್ಯೂ ಆಗಿ ಬಸುರಿಯದ್ದು ಮಾತ್ರ ನಿಂತರೆ ಅದು ಶುದ್ಧ ತಾರತಮ್ಯ. ಯಾರದು ಯಾವಾಗ ರಿನ್ಯೂ ಆಯಿತು, ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಏಳನೇ ತಿಂಗಳಲ್ಲೂ ಐಸಿಯು ನೈಟ್ ಹಾಕಿದ್ದಾರೆ ಮೇಡಂ.

ಉತ್ತರ: ಡೇಟ್‌ಗೆ ಸುಮಾರು ಹತ್ತು ವಾರ ಇರುವಾಗಿನಿಂದ ರೋಗಿಯನ್ನು ಎತ್ತಿ ಮಲಗಿಸುವಂಥ ಭಾರದ ಕೆಲಸ, ತಾಸುಗಟ್ಟಲೆ ನಿಲ್ಲುವ ಡ್ಯೂಟಿ ಬೇಡ ಅನ್ನುವ ಹಕ್ಕಿದೆ. ಆದರೆ ನೀವು ಕೇಳಬೇಕು. ಬಾಯಿಮಾತು ಸಾಲದು, ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಪತ್ರ ಕೊಟ್ಟು ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಅವತ್ತೇ ರಿಜಿಸ್ಟರ್ಡ್ ಪೋಸ್ಟ್ ಮಾಡಿ.