ಎಂ-ಸ್ಯಾಂಡ್‌ನಲ್ಲಿ ಮೋಲ್ಡ್: ಡಸ್ಟ್ ಎಷ್ಟಿರಬಹುದು, ನೀರು ಎಷ್ಟು?

ಪ್ರಶ್ನೆ (ತುಮಕೂರು)
ಹೊಳೆ ಮರಳು ಸಿಗ್ತಿಲ್ಲ, ಎಂ20 (ಕಾಂಕ್ರೀಟ್ ಗ್ರೇಡ್) ಮೋಲ್ಡ್‌ಗೆ, ಅಂದ್ರೆ ತಾರಸಿಗೆ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತರಿಸಿದೀವಿ. ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಟ್ಟರೆ ದಪ್ಪ ಬೂದು ಪದರ ಕೂರುತ್ತೆ. ಮಾಲು ಬಿರುಸು, ನೀರು ಜಾಸ್ತಿ ಬೇಕು ಅಂತಾರೆ ಮೇಸ್ತ್ರಿ. ಇನ್ನೊಬ್ಬರು ಕಡಿಮೆ ರೇಟಿಗೆ ಕೆಂಪು ಮರಳು ಕೊಡ್ತೀನಿ ಅಂತಿದ್ದಾರೆ. ಯಾವುದು ವಾಸಿ?

ಲ್ಯಾಬ್ ಕಡೆಯಿಂದ
ಬಾಟಲಿ ನೋಡಿ ಎಂ-ಸ್ಯಾಂಡ್ ತಿರಸ್ಕರಿಸಬೇಡಿ. ಅದು ಕಲ್ಲಿನ ಪುಡಿಯೋ ಜೇಡಿಯೋ ಅಂತ ಬಾಟಲಿ ಹೇಳಲ್ಲ. 500 ಗ್ರಾಂ ಒಣ ಮಾಲನ್ನು 75 ಮೈಕ್ರಾನ್ ಜರಡಿ ಮೇಲೆ ತಿಳಿನೀರು ಬರೋವರೆಗೂ ತೊಳೆದು, ಒಣಗಿಸಿ ತೂಗಿ. ಮರಳು-ಜಲ್ಲಿಗೆ ಇರೋ ಭಾರತೀಯ ಕೋಡ್ ಐಎಸ್ 383 (2016) ಪ್ರಕಾರ ಕಲ್ಲು ಪುಡಿ ಮಾಡಿದ ಮರಳಿಗೆ 15% ಮಿತಿ, ಅಂದ್ರೆ 75 ಗ್ರಾಂವರೆಗೆ ತೊಳೆದು ಹೋಗಬಹುದು. ಹೊಳೆ ಮರಳಿಗಾದರೆ ಬರೀ 3%. ಜೇಡಿಯ ಅನುಮಾನ ಇದ್ದರೆ ಮೀಥೈಲೀನ್ ಬ್ಲೂ ಪರೀಕ್ಷೆ (ನೀಲಿ ಬಣ್ಣ ಹಾಕಿ ಜೇಡಿ ಪತ್ತೆ ಮಾಡೋದು) ಮಾಡಿಸಿ.

ಆ ಕೆಂಪು ಮಾಲು ಫಿಲ್ಟರ್ ಮರಳು ಇರಬಹುದು: ಕೆರೆ, ಹೊಲದ ಮಣ್ಣು ತೊಳೆದು ತೆಗೆದದ್ದು. ಕಾಳಿಗೆ ಅಂಟಿದ ಜೇಡಿ ಸಿಮೆಂಟ್ ಹಿಡಿಯೋಕೆ ಬಿಡಲ್ಲ. ಮೋಲ್ಡ್‌ಗೆ ದಯವಿಟ್ಟು ಬೇಡ.

ಸೈಟ್ ಎಂಜಿನಿಯರ್
ಬಿರುಸಾಗೋದು ಕಾಳಿನ ಮೂಲೆ ಚೂಪಾಗಿರೋದ್ರಿಂದ. ವಿಎಸ್‌ಐ ಮಷಿನ್‌ನಲ್ಲಿ (ಕಲ್ಲನ್ನು ರಭಸವಾಗಿ ಬಡಿದು ಕಾಳು ದುಂಡಗೆ ಮಾಡೋ ಕ್ರಷರ್) ಆಡಿಸಿದ ಮಾಲೇ ಕೇಳಿ. ಜಲ್ಲಿ ಕ್ರಷರ್‌ನ ಡಸ್ಟ್ ಬೇರೆ, ಆ ಡಸ್ಟ್‌ನಲ್ಲಿ ಚಪ್ಪಟೆ ಚೂರೇ ಜಾಸ್ತಿ. ಪಿ-ಸ್ಯಾಂಡ್ (ಪ್ಲಾಸ್ಟರ್‌ಗೆ ಅಂತ ಮಾಡಿದ ನುಣುಪು ಮರಳು) ಗಾರೆಗೆ ಮಾತ್ರ.

50 ಕೆಜಿ ಮೂಟೆಗೆ 35 ಲೀಟರ್ ಬಾಕ್ಸ್‌ನಲ್ಲಿ ಒಂದೂವರೆ ಮರಳು, ಮೂರು ಜಲ್ಲಿ (20 ಎಂಎಂ ಎರಡು, 12 ಎಂಎಂ ಒಂದು). ನೀರು 25 ಲೀಟರ್, 27 ದಾಟಬಾರದು, ಮರಳಿನ ತೇವವೂ ಸೇರಿ. ಒಂದು ಕೆಜಿ ಮರಳು ಬಾಣಲೆಯಲ್ಲಿ ಹುರಿದು 50 ಗ್ರಾಂ ಇಳಿದರೆ, ಮೂಟೆಗೆ ಬೀಳೋ ಮರಳಲ್ಲೇ ಸುಮಾರು 4 ಲೀಟರ್ ನೀರಿದೆ. ಅಷ್ಟು ಕಡಿಮೆ ಸುರೀರಿ. ಇನ್ನೂ ಬಿರುಸಿದ್ದರೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಮಾಲು ಸಡಿಲ ಮಾಡೋ ದ್ರವ) ಹಾಕಿ, ಡೋಸ್ ಡಬ್ಬಿ ಮೇಲಿರುತ್ತೆ. ಅದನ್ನ ಕೊನೇ ನೀರಿನ ಜೊತೆ ಬೆರೆಸಿ, ಒಣ ಸಿಮೆಂಟ್ ಮೇಲೆ ಸುರಿದರೆ ಕೆಲಸ ಮಾಡಲ್ಲ.

ಪ್ರಶ್ನೆ ಕೇಳಿದವರು
ತೋರಣಗಲ್ಲು ಉಕ್ಕಿನ ಕಾರ್ಖಾನೆ ಕಡೆಯ ಸ್ಲ್ಯಾಗ್ (ಕುಲುಮೆಯ ಕಿಟ್ಟ) ಮರಳು ಬೆರೆಸಬಹುದಾ?

ಲ್ಯಾಬ್ ಕಡೆಯಿಂದ
ಬ್ಲಾಸ್ಟ್ ಫರ್ನೇಸ್‌ನ ಕಬ್ಬಿಣದ ಸ್ಲ್ಯಾಗ್ ಆದರೆ ಆರ್‌ಸಿಸಿಯಲ್ಲಿ (ಕಂಬಿ ಹಾಕಿದ ಕಾಂಕ್ರೀಟ್) ಮರಳಿನ 25%ವರೆಗೆ ಅದೇ ಕೋಡ್ ಒಪ್ಪುತ್ತೆ. ಸ್ಟೀಲ್ ಸ್ಲ್ಯಾಗ್ ಆರ್‌ಸಿಸಿಗೆ ಇಲ್ಲ: ಅದರಲ್ಲಿ ಉಳಿದ ಸುಣ್ಣ ಆಮೇಲೆ ಉಬ್ಬಿ ಕಾಂಕ್ರೀಟ್ ಸಿಡಿಸುತ್ತೆ. ಬಿಲ್‌ನಲ್ಲಿ ಯಾವ ಸ್ಲ್ಯಾಗ್ ಅಂತ ಬರೆಸಿಕೊಳ್ಳಿ.

ಸೈಟ್ ಎಂಜಿನಿಯರ್
ಪುಡಿ ಜಾಸ್ತಿ ಇರೋ ಕಾಂಕ್ರೀಟ್‌ನಲ್ಲಿ ನೀರು ಮೇಲೆ ಏಳೋದು ಕಡಿಮೆ, ಬಿಸಿಲು ಗಾಳಿಗೆ ಬೇಗ ಒಣಗಿ ಕೂದಲೆಳೆ ಬಿರುಕು ಬಿಡುತ್ತೆ. ಮಟ್ಟ ಮಾಡಿದ ತಕ್ಷಣ ಪ್ಲಾಸ್ಟಿಕ್ ಶೀಟ್ ಮುಚ್ಚಿ, ಗಟ್ಟಿಯಾದ ಮೇಲೆ ಒದ್ದೆ ಗೋಣಿ ಹಾಸಿ. ನಾಳೆ ಬೆಳಗ್ಗೆವರೆಗೂ ಕಾಯಬೇಡಿ.